ಬಾಟನಿಯಲ್ಲಿ ಓದಿದ ಮಝಾಮೆಯ ಪತ್ರಗಳು

ಹೋದ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿದ್ದೆ. ಕೂಸನ್ನು ಮಲಗಿಸುವ ಕುರಿಚರ್ಮವನ್ನು ಅವಳು ತೊಳೆದು ಹಿತ್ತಲಿನ ತಂತಿಯ ಮೇಲೆ ಹರವಿದ್ದಳು. ಒಣಗಿತೇ ಎಂದು ನೋಡಲು ಹೋಗಿ ಅದರ ಮೇಲೆ ಕೈಯಿಟ್ಟೆ. ಒದ್ದೆ ಉಣ್ಣೆಯ ಜಿಡ್ಡು ವಾಸನೆ ಮೂಗಿಗೆ ಬಡಿಯಿತು. ಒಳಗಿನಿಂದ ಮಗಳು, "ಅಮ್ಮಾ, ಈಸ್ ಇಟ್ ಡ್ರೈ?" ಎಂದು ಕೇಳಿದಳು. ಆ ಹೊತ್ತಿಗೆ ನಾನು ಸಿಡ್ನಿಯಲ್ಲಿದ್ದೆ, ತೊಂಬತ್ತೊಂದನೆಯ ಇಸವಿಯಲ್ಲಿ, ಮಗಳು ಇನ್ನೂ ಹುಟ್ಟಿರದ ಕಾಲದಲ್ಲಿ.

ಸಿಡ್ನಿಯ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಪಕ್ಕದಲ್ಲಿ, ಬಾಟನಿ ಎಂಬ ಸಬರ್ಬ್ ಇದೆ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳೂ ಕಾಫಿ ಅಂಗಡಿಗಳೂ ಬಂದಿವೆಯಂತೆ. ಆಗ ಅದು ಚರ್ಮ ಹದ ಮಾಡುವವರ, ಉಣ್ಣೆ ತೊಳೆಯುವವರ ಊರು. ನಾನು ಕೆಲಸಕ್ಕಿದ್ದದ್ದು ಕುರಿಚರ್ಮ ರಫ್ತು ಮಾಡುವ ಒಂದು ಕಂಪನಿಯ ಗೋದಾಮಿನಲ್ಲಿ. ಉಣ್ಣೆ ಸಮೇತ ಒಣಗಿಸಿದ ಚರ್ಮಗಳು ಒಳನಾಡಿನಿಂದ ಲಾರಿಗಳಲ್ಲಿ ಬರುತ್ತಿದ್ದವು. ಅವುಗಳನ್ನು ದರ್ಜೆವಾರು ವಿಂಗಡಿಸಿ, ಮೂಟೆಯಂತೆ ಒತ್ತಿ ಅಂಡಿಗೆ ಕಟ್ಟಿ, ಹಡಗಿಗೆ ಏರಿಸುವುದು ಅಲ್ಲಿನ ಕೆಲಸ. ಅಂಡಿಗೆಗಳ ಮೇಲೆ ಕಪ್ಪು ಬಣ್ಣದಲ್ಲಿ ಫ್ರಾನ್ಸಿನ ಒಂದೇ ಊರಿನ ಹೆಸರು ಇರುತ್ತಿತ್ತು: ಮಝಾಮೆ.

ಆ ಕೆಲಸಕ್ಕೆ ನಾನು ಸೇರಿದ್ದು ಹೀಗೆ. ನಾನು ದಾವಣಗೆರೆಯವಳು. ನಮ್ಮಪ್ಪ ಅಲ್ಲಿನ ಹತ್ತಿ ಗಿರಣಿಯಲ್ಲಿ ಹತ್ತಿ ಪರೀಕ್ಷಿಸುತ್ತಿದ್ದರು. ನಾನೂ ಜವಳಿ ತಂತ್ರಜ್ಞಾನವನ್ನೇ ಓದಿದೆ. ಮದುವೆಯಾಗಿ ಪ್ರಕಾಶ್ ಜೊತೆ ಸಿಡ್ನಿಗೆ ಬಂದು ಎಪ್ಪಿಂಗ್‌ನಲ್ಲಿ ಸಣ್ಣದೊಂದು ಫ್ಲಾಟ್ ಹಿಡಿದಿದ್ದೆವು. ನನ್ನ ಡಿಗ್ರಿಗೆ ಇಲ್ಲಿ ಯಾರೂ ಕಿವಿಗೊಡಲಿಲ್ಲ. ಕೊನೆಗೆ ಪೇಪರಿನಲ್ಲಿ ಜಾಹೀರಾತು ನೋಡಿ ಬಾಟನಿಗೆ ಹೋದೆ. ಇಂಟರ್‌ವ್ಯೂ ಮಾಡಿದವರು ಅರವತ್ತು ದಾಟಿದ, ತೆಳ್ಳಗಿನ, ನೀಲಿ ಕೋಟಿನ ಫ್ರೆಂಚ್ ಮನುಷ್ಯ. ಪ್ರಶ್ನೆ ಕೇಳುವ ಬದಲು ಮೇಜಿನ ಮೇಲೊಂದು ಚರ್ಮ ಹರಡಿ, ಇದರ ಬಗ್ಗೆ ಹೇಳಿ ಎಂದರು. ಉಣ್ಣೆಯ ಬಗ್ಗೆ ನನಗೆ ಪುಸ್ತಕದಲ್ಲಿದ್ದಷ್ಟೇ ಗೊತ್ತಿತ್ತು. ಅಪ್ಪ ಹತ್ತಿಯನ್ನು ನೋಡುತ್ತಿದ್ದ ರೀತಿಯಲ್ಲೇ ಒಂದು ಚಿಟಿಕೆ ಎಳೆ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಎಳೆದು ಸಮ ಮಾಡಿ ಉದ್ದ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದರು. ಸೋಮವಾರದಿಂದ ಬನ್ನಿ ಎಂದರು.

ಅವರ ಹೆಸರು ಬೋನೆ. ಗೋದಾಮಿನವರೆಲ್ಲ ಕಾರಿನ ಬಾನೆಟ್ ಎಂದ ಹಾಗೆ ಬಾನೆಟ್ ಎಂದೇ ಕರೆಯುತ್ತಿದ್ದರು. ಅವರು ಯಾರನ್ನೂ ತಿದ್ದುತ್ತಿರಲಿಲ್ಲ. ಗಿರಿಜಾ ಎಂಬ ನನ್ನ ಹೆಸರೂ ಅಲ್ಲಿ ಮೊದಲ ವಾರದಲ್ಲೇ ಜಿನಾ ಆಗಿತ್ತು. ಒಂದು ದಿನ ಅವರ ಲಕೋಟೆಯ ಮೇಲಿನ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕೆಂದು ಕೇಳಿದೆ. ಕೊನೆಯ ಅಕ್ಷರ ನುಂಗಬೇಕು, ಬೋನೆ, ಎಂದರು. ಆಮೇಲೆ ನನ್ನ ಹೆಸರು ಕೇಳಿ, ನಾಲ್ಕೈದು ಸಲ ಬಾಯಲ್ಲಿ ಹೊರಳಿಸಿ, "ಗಿರಿಝಾ" ಎಂದರು. ಅಷ್ಟಕ್ಕೇ ನಿಂತಿತು. ಆದರೆ ಆ ಊರಿನಲ್ಲಿ ನನ್ನ ಹೆಸರಿನ ಮೂರು ಅಕ್ಷರಗಳನ್ನೂ ಹೇಳುತ್ತಿದ್ದವರು ಅವರೊಬ್ಬರೇ.

ಆ ವರ್ಷ ಆಸ್ಟ್ರೇಲಿಯಾದಲ್ಲಿ ಎಲ್ಲರ ಕೆಲಸವೂ ಹೋಗುತ್ತಿತ್ತು. ಪ್ರಕಾಶ್ ಇದ್ದ ಎಂಜಿನಿಯರಿಂಗ್ ಕಂಪನಿ ಹಿಂದಿನ ಡಿಸೆಂಬರಿನಲ್ಲಿ, ಅಲ್ಲಿನ ಬೇಸಿಗೆಯಲ್ಲಿ, ಬಾಗಿಲು ಹಾಕಿತ್ತು. ಎರಡು ತಿಂಗಳು ಅಲೆದ ಮೇಲೆ ಅವರಿಗೆ ಮೆಲ್ಬರ್ನ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರು ಮೊದಲು ಹೋಗುವುದು, ಮೂರು ತಿಂಗಳಾದ ಮೇಲೆ ನಾನು ಹೋಗುವುದು ಎಂದು ಮಾತಾಯಿತು. ಎಪ್ಪಿಂಗ್‌ನ ಫ್ಲಾಟ್ ಬಿಟ್ಟು ನಾನು ಬಾಟನಿಯ ಹತ್ತಿರ ಮ್ಯಾಸ್ಕಾಟ್‌ನಲ್ಲಿ ಒಂದು ರೂಮು ರೆಂಟಿಗೆ ಹಿಡಿದೆ. ವಿಮಾನಗಳು ಚಾವಣಿಯ ಮೇಲೆಯೇ ಹೋಗುತ್ತಿದ್ದವು. ಹಾಗೆ ಹೋದಾಗಲೆಲ್ಲ ಅಡಿಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎನ್ನಿಸುತ್ತಿದ್ದದ್ದು ಆಗ ಮಾತ್ರ.

ಮೂರು ತಿಂಗಳಾಯಿತು. ನಾನು ಹೋಗಲಿಲ್ಲ. ಇಲ್ಲಿ ಕೆಲಸವಿದೆ, ಅಲ್ಲಿ ನನಗೆ ಸಿಗುತ್ತದೋ ಇಲ್ಲವೋ ಎಂದೆ. ಅದು ಸುಳ್ಳಾಗಿರಲಿಲ್ಲ, ಆದರೆ ಕಾರಣ ಅದಲ್ಲ. ಕಾರಣವನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಿಂದಿನ ವರ್ಷ ನಾನು ಬಸುರಿಯಾಗಿದ್ದೆ. ಆರನೆಯ ತಿಂಗಳಲ್ಲಿ ಹೊಟ್ಟೆಯೊಳಗೆ ಮಗು ಸುಮ್ಮನಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ, ನೋಡುತ್ತೀರಾ ಎಂದು ನರ್ಸ್ ಕೇಳಿದಳು. ನಾನು ಬೇಡವೆಂದು ಗೋಡೆಯ ಕಡೆ ತಿರುಗಿದೆ. ತಿರುಗಿ ನೋಡಿದಾಗ ಪ್ರಕಾಶ್ ರೂಮಿನಲ್ಲಿರಲಿಲ್ಲ. ಒಂದು ತಾಸಿನ ಮೇಲೆ ಬಂದರು, ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಒಂದು ತಾಸಿಗಾಗಿ ನಾನು ಅವರನ್ನು ಕ್ಷಮಿಸಿರಲಿಲ್ಲ. ಮನೆಗೆ ಬಂದ ಮೇಲೆ ಅವರು ತರಕಾರಿ ತಂದರು, ನಾನು ಸಾರು ಮಾಡಿದೆ. ಹೀಗೆಯೇ ದಿನ ಕಳೆದವು.

ಭಾನುವಾರಗಳಲ್ಲಿ ನಾನು ರೈಲು ಹತ್ತಿ ಎಪ್ಪಿಂಗ್‌ಗೆ, ವಾರಿಜಾ ಆಂಟಿಯ ಮನೆಗೆ ಹೋಗುತ್ತಿದ್ದೆ. ಉಡುಪಿಯ ಕಡೆಯವರು, ನಾವು ಫ್ಲಾಟಿನಲ್ಲಿದ್ದಾಗ ಎದುರು ಮನೆಯಲ್ಲಿದ್ದವರು. ಅವರ ಮನೆಯಲ್ಲಿ ಊಟ ಮಾಡಿ, ಅಲ್ಲಿಂದಲೇ ಮೆಲ್ಬರ್ನ್‌ಗೆ ಫೋನ್ ಮಾಡುತ್ತಿದ್ದೆ. ಅಲ್ಲಿ ಮಳೆಯೇ, ಇಲ್ಲಿ ಗಾಳಿ, ಊಟವಾಯಿತೇ, ಆಯಿತು. ನಾಲ್ಕು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಆಂಟಿ ಒಗ್ಗರಣೆ ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ನಾನು ಫೋನ್ ಇಟ್ಟ ಮೇಲೆ ಹೇಳಿದರು:

"ಎಂತ ಮಾರಾಯ್ತಿ ಇದು? ಗಂಡ ಅಲ್ಲಿ, ನೀನು ಇಲ್ಲಿ. ಜಗಳ ಉಂಟಾ?"

"ಜಗಳ ಇಲ್ಲ ಆಂಟಿ."

"ಜಗಳ ಆದ್ರೆ ಒಳ್ಳೇದಿತ್ತು. ಮಾತಾದ್ರೂ ಇರ್ತಿತ್ತು."

ಬಾಟನಿಯಲ್ಲಿ ಚರ್ಮಗಳು ಬೆಟ್ಟದಂತೆ ಬೀಳತೊಡಗಿದ್ದವು. ಉಣ್ಣೆಗಿದ್ದ ಬೆಂಬಲ ಬೆಲೆ ವರ್ಷದ ಆರಂಭದಲ್ಲಿ ಬಿದ್ದುಹೋಗಿತ್ತು. ಒಳನಾಡಿನ ರೈತರು ಸಾಕಲಾಗದೆ ಕುರಿಗಳನ್ನು ಗುಂಡಿ ತೋಡಿ, ಗುಂಡಿಕ್ಕಿ ಹೂಳುತ್ತಿದ್ದಾರೆ ಎಂಬ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ಲಾರಿಯವರು ಚರ್ಮ ತಂದು ಸುರಿದು ಹೋಗುತ್ತಿದ್ದರು. ಕೊಳ್ಳುವವರು ಕಡಿಮೆ. ಬೋನೆಯವರ ಮೇಜಿಗೆ ಮಝಾಮೆಯಿಂದ ಇಂಗ್ಲಿಷಿನಲ್ಲಿ ಬರುವ ಟೆಲೆಕ್ಸ್ ಸಂದೇಶಗಳೂ ಕಡಿಮೆಯಾದವು. ದಿನಕ್ಕೆರಡು ಬರುತ್ತಿದ್ದದ್ದು ವಾರಕ್ಕೆರಡಾಯಿತು. ಹೀಗೆ ಬಿಡುವಾದಾಗಲೇ ಅವರು ತಮ್ಮ ಊರಿನ ಬಗ್ಗೆ ಹೇಳತೊಡಗಿದ್ದು.

ಫ್ರಾನ್ಸಿನ ದಕ್ಷಿಣದಲ್ಲಿ, ಕಪ್ಪು ಬೆಟ್ಟ ಎಂದು ಕರೆಯುವ ಒಂದು ಸಾಲಿನ ಬುಡದಲ್ಲಿ ಇರುವ ಸಣ್ಣ ಊರು ಮಝಾಮೆ. ಬೆಟ್ಟದಿಂದ ಆರ್ನೆತ್ ಎಂಬ ಚಿಕ್ಕ ಹೊಳೆ ಇಳಿಯುತ್ತದೆ. ಅದರ ಕಣಿವೆ ಎಷ್ಟು ಇಕ್ಕಟ್ಟೆಂದರೆ ಗಿರಣಿಗಳು ಒಂದರ ಹೆಗಲ ಮೇಲೆ ಒಂದು ಹತ್ತಿದಂತೆ ನಿಂತಿದ್ದವಂತೆ. ನೀರು ಮೃದುವಾದದ್ದರಿಂದ ಹಿಂದಿನಿಂದಲೂ ಅಲ್ಲಿ ಉಣ್ಣೆ ಬಟ್ಟೆ ನೇಯುತ್ತಿದ್ದರು. ಆಮೇಲೆ ಯಾರೋ ಒಬ್ಬರು ದಕ್ಷಿಣ ಅಮೆರಿಕದಿಂದ ಉಣ್ಣೆ ಸಮೇತ ಕುರಿಚರ್ಮ ತರಿಸಿದರು. ಚರ್ಮವನ್ನು ಹಾಳು ಮಾಡದೆ ಉಣ್ಣೆಯನ್ನು ಬಿಡಿಸುವ ಬಗೆ ಆ ಊರಿಗೆ ಸಿಕ್ಕಿತು. ಹೊಳೆಯ ನೀರಿನಲ್ಲಿ ನೆನೆಸಿ, ಕತ್ತಲೆಯ ಬೆಚ್ಚನೆಯ ಕೋಣೆಗಳಲ್ಲಿ ಕೆಲವು ದಿನ ತೂಗುಹಾಕಿದರೆ ಚರ್ಮ ಕೊಳೆಯಲು ಶುರುವಾಗುವ ಮುಂಚೆ ಉಣ್ಣೆಯ ಬೇರು ಸಡಿಲವಾಗುತ್ತದೆ. ಆ ಗಳಿಗೆ ತಪ್ಪಬಾರದು. ಒಂದು ದಿನ ಮೊದಲಾದರೆ ಉಣ್ಣೆ ಬಿಡುವುದಿಲ್ಲ, ಒಂದು ದಿನ ತಡವಾದರೆ ಚರ್ಮ ಹೋಗುತ್ತದೆ. ಅದನ್ನು ಮೂಗಿನಿಂದ ಹೇಳುವವರು ಇದ್ದರು. ಬೋನೆಯವರ ತಂದೆ ಅಂಥವರಲ್ಲಿ ಒಬ್ಬರು.

ಸುತ್ತಲಿನ ಬೆಟ್ಟದ ಕುರಿಗಳು ಆ ಊರಿನ ಗಿರಣಿಗಳಿಗೆ ಏತಕ್ಕೂ ಸಾಲುತ್ತಿರಲಿಲ್ಲ. ಊರು ಬದುಕುತ್ತಿದ್ದದ್ದು ಬೇರೆ ಖಂಡಗಳ ಕುರಿಗಳಿಂದ. ಪ್ಯಾರಿಸ್ ನೋಡದ ಮಕ್ಕಳಿಗೂ ಸಿಡ್ನಿ, ಬ್ಯುನೊಸ್ ಐರಿಸ್ ಎಂಬ ಹೆಸರುಗಳು ಬಾಯಿಪಾಠ. ಮಾಲೀಕರು ಹೆಚ್ಚಿನವರು ಪ್ರೊಟೆಸ್ಟಂಟರು, ಮಿತಮಾತಿನವರು, ದೊಡ್ಡ ಮನೆ ಕಟ್ಟಿ ಕಿಟಕಿ ಮುಚ್ಚಿಕೊಂಡಿರುವವರು. ಕೆಲಸದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಇಬ್ಬರ ಇಗರ್ಜಿಗಳೂ ಬೇರೆ, ಬ್ರೆಡ್ ಕೊಳ್ಳುವ ಅಂಗಡಿಗಳೂ ಬೇರೆ. ಉಣ್ಣೆ ಬಿಡಿಸುವ ಹೆಂಗಸರ ತಲೆಗೂದಲಿಗೆ ಆ ಕೋಣೆಗಳ ಘಾಟು ಹತ್ತಿರುತ್ತಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಪಕ್ಕದ ಊರಿನ ಹುಡುಗರು ಮಝಾಮೆಯ ಹುಡುಗಿಯರನ್ನು ನೃತ್ಯಕ್ಕೆ ಕರೆಯುತ್ತಿರಲಿಲ್ಲವಂತೆ. ಬೋನೆಯವರ ಅಕ್ಕ ಒದೆತ್ ಹದಿನಾಲ್ಕನೆಯ ವಯಸ್ಸಿಗೆ ಆ ಕೆಲಸಕ್ಕೆ ಸೇರಿದವಳು. ಮದುವೆಯಾಗಲಿಲ್ಲ. ಹೊಳೆಯ ದಡದ ತಂದೆಯ ಮನೆಯಲ್ಲಿ ಒಬ್ಬಳೇ ಇದ್ದಳು.

ಅವರು ಹೇಳಿದ್ದರಲ್ಲಿ ನನಗೆ ತುಂಬ ನೆನಪಿರುವುದು ಒಂದು ಗಿಡದ ವಿಷಯ. ಚರ್ಮಗಳನ್ನು ತೊಳೆದ ನೀರು ಹೊಳೆಗೆ ಸೇರಿ, ಉಣ್ಣೆಗೆ ಅಂಟಿ ಬಂದ ಮುಳ್ಳುಕಾಯಿಗಳು ದಡದಲ್ಲಿ ಮೊಳೆತು ಬೆಳೆಯುತ್ತಿದ್ದವು. ಚಿಕ್ಕವರಿದ್ದಾಗ ಅವರು ಅವನ್ನು ಕಿತ್ತು ಒಬ್ಬರ ಅಂಗಿಗೊಬ್ಬರು ಎಸೆಯುತ್ತಿದ್ದರಂತೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಎರಡು ವರ್ಷದ ಮಟ್ಟಿಗೆ, ಚರ್ಮ ಕೊಳ್ಳಲು ಕಂಪನಿ ಅವರನ್ನು ಸಿಡ್ನಿಗೆ ಕಳಿಸಿತು. ಮೊದಲ ಸಲ ಒಳನಾಡಿಗೆ ಹೋದಾಗ ಒಂದು ಬೇಲಿಯ ಪಕ್ಕ ಅದೇ ಮುಳ್ಳುಗಿಡ ಕಂಡಿತು. "ನಮ್ಮೂರಿನ ಗಿಡ ಇಲ್ಲಿಗೆ ಹೇಗೆ ಬಂತು ಅಂದುಕೊಂಡೆ," ಎಂದು ನಕ್ಕರು. ಅದರ ಪಕ್ಕ ಬಹಳ ಹೊತ್ತು ಕುಳಿತಿದ್ದರಂತೆ. ಆ ಎರಡು ವರ್ಷ ಬೆಳೆದು ನಲವತ್ತರ ಹತ್ತಿರ ಬಂದಿತ್ತು.

ಏಪ್ರಿಲ್ ಹೊತ್ತಿಗೆ ನನಗೊಂದು ಅನುಮಾನ ಬಂತು. ಅವರು ಚರ್ಮಗಳನ್ನು ನೋಡುತ್ತಿರಲಿಲ್ಲ. ಕೈಯಿಂದಲೇ ಎಲ್ಲ ಹೇಳುತ್ತಿದ್ದರು; ಬೆರಳು ಓಡಿಸಿ, ಮೂಗಿನ ಹತ್ತಿರ ಹಿಡಿದು, ದರ್ಜೆ ಹೇಳಿ ಎಸೆಯುತ್ತಿದ್ದರು. ಅದು ತಪ್ಪುತ್ತಿರಲಿಲ್ಲ. ಆದರೆ ಟೆಲೆಕ್ಸ್ ಬಂದರೆ, ಗಿರಿಝಾ, ಏನಂತೆ ನೋಡಿ, ಎಂದು ನನ್ನತ್ತ ಸರಿಸುತ್ತಿದ್ದರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೋದಾಮಿನ ಹಿಂದೆ ಸಾಮಾನು ಇಳಿಸುವ ಕಟ್ಟೆಯ ಮೇಲೆ ಕುಳಿತಿದ್ದೆವು. ಅವರು ಜೇಬಿನಿಂದ ಒಡೆಯದ ಲಕೋಟೆಯೊಂದನ್ನು ತೆಗೆದು ನನ್ನ ಕೈಗಿಟ್ಟರು. ಇಂಥವು ಮನೆಯಲ್ಲಿ ಇನ್ನೂ ಮೂರಿವೆ ಎಂದರು. ಒದೆತ್ ಹದಿನೈದು ದಿನಕ್ಕೊಂದರಂತೆ ಬರೆಯುವ ಪತ್ರಗಳು. ತಮ್ಮ ಕಣ್ಣಿನ ನಡುನೋಟ ಹೋಗಿದೆ, ಅಂಚಿನಲ್ಲಷ್ಟೇ ಕಾಣುತ್ತದೆ, ವೈದ್ಯರಿಂದ ಆಗುವುದು ಏನೂ ಇಲ್ಲ ಎಂದರು.

"ನನಗೆ ಫ್ರೆಂಚ್ ಬರೋದಿಲ್ಲ," ಎಂದೆ.

"ಗೊತ್ತು. ಅದಕ್ಕೇ ನಿಮಗೆ ಕೊಟ್ಟೆ. ಫ್ರೆಂಚ್ ಬರುವವರಿಗೆ ಕೊಟ್ಟರೆ ಮುಂದಿನ ವಾರ ನನ್ನ ಕಣ್ಣಿನ ವಿಷಯ ಕಂಪನಿಗೆ ಗೊತ್ತಾಗಿರುತ್ತದೆ. ನೀವು ಅಕ್ಷರ ಓದಿ. ಅರ್ಥ ನಾನು ಮಾಡಿಕೊಳ್ಳುತ್ತೇನೆ."

ಹೀಗೆ ಶುರುವಾಯಿತು. ಮೊದಲ ದಿನ ನಾನು ಇಂಗ್ಲಿಷಿನ ಹಾಗೆ ಓದಿದೆ, ಅವರಿಗೆ ಒಂದೂ ತಿಳಿಯಲಿಲ್ಲ. ಆಮೇಲೆ ಯಾವ ಅಕ್ಷರಗಳು ಸೇರಿದರೆ ಯಾವ ಸದ್ದು ಎಂದು ಅವರು ಒಂದೊಂದಾಗಿ ಹೇಳಿಕೊಟ್ಟರು. ನಾನು ಪತ್ರವನ್ನು ಮನೆಗೊಯ್ದು, ಪ್ರತಿ ಸಾಲಿನ ಮೇಲೂ ಪೆನ್ಸಿಲಿನಿಂದ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಂಡು ಬಂದೆ. ನಮ್ಮ ಸೊನ್ನೆ ಅವರ ಮೂಗಿನ ಸದ್ದುಗಳಿಗೆ ಚೆನ್ನಾಗಿ ಹೊಂದಿತು. ಉ ಮತ್ತು ಇ ಬೆರೆತ ಒಂದು ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಅದಕ್ಕೆ ಉ ಮೇಲೆ ಒಂದು ಚುಕ್ಕೆಯಿಟ್ಟುಕೊಂಡೆ. ಮುಖ್ಯವಾದ ನಿಯಮ ಒಂದೇ: ಪದದ ಕೊನೆಯ ವ್ಯಂಜನವನ್ನು ನುಂಗಬೇಕು, ಅದರ ಮುಂದೆ ಇಂಗ್ಲಿಷಿನ 'ಇ' ಅಕ್ಷರವಿದ್ದರೆ ಮಾತ್ರ ಉಚ್ಚರಿಸಬೇಕು. ವಾರದೊಳಗೆ ನಾನು "ಮೋಂ ಶೇರ್ ಫ್ರೇರ್" ಎಂದು ಶುರು ಮಾಡಿದರೆ "ತಾ ಸೆರ್, ಒದೆತ್" ಎಂಬಲ್ಲಿಗೆ ತಡವರಿಸದೆ ಮುಟ್ಟುತ್ತಿದ್ದೆ. ಪ್ರಿಯ ತಮ್ಮ, ನಿನ್ನ ಅಕ್ಕ. ಅಷ್ಟು ಅರ್ಥ ಅವರೇ ಹೇಳಿದ್ದರು. ನಡುವಿನದೆಲ್ಲ ನನಗೆ ಬರೀ ಸದ್ದು.

ನಾನು ಓದುವಾಗ ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಒಮ್ಮೊಮ್ಮೆ ನಗುತ್ತಿದ್ದರು. ಎಲ್ಲಿ ನಕ್ಕರೋ ಅಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಓದಿದ ಮೇಲೆ ಒಂದೆರಡು ಸುದ್ದಿ ಹೇಳುತ್ತಿದ್ದರು. ಮೇಲಿನ ಗಿರಣಿ ಮುಚ್ಚಿತು. ಅದರ ಕೆಳಗಿನದು ವಾರಕ್ಕೆ ಮೂರೇ ದಿನ. ಪಕ್ಕದ ಮನೆಯ ಮುದುಕನಿಗೆ ಎದೆನೋವು, ಹಾಸಿಗೆ ಹಿಡಿದಿದ್ದಾನೆ. ನಮ್ಮಪ್ಪನ ಪತ್ರಗಳಲ್ಲೂ ಆಗ ಇಂಥದ್ದೇ ಇರುತ್ತಿತ್ತು: ದಾವಣಗೆರೆಯಲ್ಲಿ ಈಗ ಗಿರಣಿಗಳ ಕೂಗು ಒಂದೊಂದಾಗಿ ನಿಲ್ಲುತ್ತಿದೆ, ಬೆಳಿಗ್ಗೆ ಎಷ್ಟು ಗಂಟೆಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಇದನ್ನು ನಾನು ಬೋನೆಯವರಿಗೆ ಹೇಳಿದೆ. ಅವರು ದಾವಣಗೆರೆ ಎಂಬ ಹೆಸರನ್ನು ಹೇಳಲು ಒಂದು ವಾರ ಅಭ್ಯಾಸ ಮಾಡಿದರು.

ಮೇ ತಿಂಗಳಲ್ಲಿ ಪ್ರಕಾಶ್ ಎರಡು ದಿನದ ಮಟ್ಟಿಗೆ ಬಂದರು. ವಿಮಾನ ನಿಲ್ದಾಣದ ಆಚೆಗಿನ ಸಮುದ್ರ ತೀರದಲ್ಲಿ ಇಬ್ಬರೂ ನಡೆದೆವು. ಬ್ರನ್ಸ್‌ವಿಕ್‌ನಲ್ಲಿ ಮನೆ ನೋಡಿದ್ದೇನೆ, ಹಿತ್ತಲಿನಲ್ಲಿ ನಿಂಬೆಗಿಡ ಇದೆ, ಎಂದರು. ಯಾವಾಗ ಬರ್ತೀಯ ಎಂದು ಕೇಳಿದರು. ಈ ಹಡಗು ಹೋದ ಮೇಲೆ, ಎಂದೆ. ಹೋದ ಸಲವೂ ಇದನ್ನೇ ಹೇಳಿದ್ದೆ ಎಂದರು. ನಾನು ಮರಳಿನ ಕಡೆ ನೋಡಿದೆ. ಆಮೇಲೆ ಅವರು ನಿಂಬೆಗಿಡದ ವಿಷಯವನ್ನೂ ಎತ್ತಲಿಲ್ಲ.

ಜುಲೈನಲ್ಲಿ ಒಂದು ದಿನ ಗೋದಾಮಿಗೆ ಲಾರಿಯೇ ಬರಲಿಲ್ಲ. ದಕ್ಷಿಣದ ಗಾಳಿ ಎದ್ದು ತಗಡಿನ ಬಾಗಿಲು ಬಡಿಯುತ್ತಿತ್ತು. ಒದೆತ್‌ಳ ಪತ್ರ ಓದಿ ಮುಗಿಸಿದ್ದೆ. ಬೋನೆ ಕಣ್ಣು ತೆರೆದು, "ನಮ್ಮ ಮನೆಯ ಮಾತೆಲ್ಲ ನೀವು ಓದಿದ್ದೀರಿ, ಒಂದೂ ಅರ್ಥವಾಗದೆ. ಈಗ ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ. ನನಗೂ ಅರ್ಥವಾಗುವುದಿಲ್ಲ," ಎಂದರು. ನನಗೆ ನಗು ಬಂತು. ಕನ್ನಡದಲ್ಲಿ ಮಾತಾಡಿ ಆರು ದಿನವಾಗಿತ್ತು. ಗಾಳಿ ಜೋರಿದೆ ಎಂದೆ. ಟೀ ಆರಿಹೋಗಿದೆ ಎಂದೆ. ಆಮೇಲೆ ಏನಾಯಿತೋ, ಮಾತು ತಾನೇ ಹೊರಟಿತು.

"ಆರು ತಿಂಗಳಾಗಿತ್ತು. ಒದೀತಿತ್ತು. ಒಂದು ದಿನ ಸುಮ್ನಾಯ್ತು. ನೋಡ್ತೀರಾ ಅಂದ್ರು, ನಾನು ಬೇಡ ಅಂದೆ. ನೋಡ್ಬೇಕಿತ್ತು. ನಾನು ಒಂದ್ಸಲ ನೋಡ್ಬೇಕಿತ್ತು."

ಇನ್ನೂ ಏನೇನೋ ಹೇಳಿದೆ. ಪ್ರಕಾಶ್ ಎದ್ದು ಹೋದದ್ದು, ವಾರಿಜಾ ಆಂಟಿ ಬಿಸಿ ಗಂಜಿ ತಂದದ್ದು, ಎದೆಯಲ್ಲಿ ಹಾಲು ಬಂದಿದ್ದು. ಅವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಕಣ್ಣಂಚಿನಲ್ಲಿ ನನ್ನನ್ನು ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೆ ಯಾರು ತೀರಿಹೋದರು ಎಂದು ಕೇಳಿದರು. ಮಗು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಒಳಗೆ ಹೋಗಿ ಬೇರೆ ಟೀ ಮಾಡಿ ತಂದುಕೊಟ್ಟರು.

ಆಗಸ್ಟ್ ಕೊನೆಯಲ್ಲಿ ಬಂದ ಲಕೋಟೆಯ ಮೇಲಿನ ಕೈಬರಹ ಬೇರೆಯದು. ಒದೆತ್‌ಳ ಪಕ್ಕದ ಮನೆಯ ಹೆಂಗಸು ಬರೆದದ್ದು ಎಂದು ಹಿಂಬದಿಯ ಹೆಸರು ಕೇಳಿ ಬೋನೆ ಹೇಳಿದರು. ಅಕ್ಷರ ಕೋಳಿ ಕೆದರಿದ ಹಾಗಿತ್ತು, ಮೇಲಾಗಿ ಮಳೆನೀರು ಬಿದ್ದು ಮೊದಲ ಸಾಲಿನ ಅರ್ಧ ಹರಡಿಹೋಗಿತ್ತು. ಮನೆಗೊಯ್ದು ಬರೆದುಕೊಂಡು ಬರುತ್ತೇನೆ ಎಂದೆ. ಅವರು ಬೇಡ, ಈಗಲೇ ಎಷ್ಟಾಗುತ್ತೋ ಅಷ್ಟು ಓದಿ ಎಂದರು. ಸಾಲಿನ ಶುರು ಕಾಣುತ್ತಿಲ್ಲ ಎಂದು ಹೇಳಿ, ಕಂಡಷ್ಟು ಓದಿದೆ: "…ಎ ಮೋರ್ ಮಾರ್ದಿ."

ಅವರು ಕೈಯೆತ್ತಿ ನಿಲ್ಲಿಸಿದರು.

"ಎರಡನೆಯ ಪದ. ಕೊನೆಯಲ್ಲಿ ಟಿ ಇದೆಯಲ್ಲ, ಅದರ ಮುಂದೆ ಇ ಇದೆಯಾ ನೋಡಿ."

ಕಾಗದವನ್ನು ಬೆಳಕಿಗೆ ಹಿಡಿದೆ. ಟಿಯ ಬಾಲಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಸುಳಿ ಇತ್ತು.

"ಇದೆ," ಎಂದೆ. ತಪ್ಪು ಹಿಡಿದದ್ದಕ್ಕೆ ನನಗೆ ಖುಷಿಯೂ ಆಯಿತು. ತಿದ್ದಿಕೊಂಡು ಮತ್ತೆ ಓದಿದೆ: "ಮೋರ್ತ್. ಎ ಮೋರ್ತ್ ಮಾರ್ದಿ."

ಒಂದು ವಿಮಾನ ಇಳಿದು ಹೋಯಿತು. ಸದ್ದು ಅಡಗಿದ ಮೇಲೆ ಅವರು, ಆ ಅಕ್ಷರ ಇಲ್ಲದಿದ್ದರೆ ಸತ್ತವನು ಗಂಡಸು ಎಂದರು. ಪಕ್ಕದ ಮನೆಯ ಮುದುಕ ಕಾಯಿಲೆ ಬಿದ್ದಿದ್ದನಲ್ಲ, ಅವನೇ ಇರಬೇಕು ಅಂದುಕೊಂಡೆ, ಎಂದರು. ಇದ್ದರೆ ಹೆಂಗಸು. ಒದೆತ್ ಮಂಗಳವಾರ ತೀರಿಕೊಂಡಳು.

ಪತ್ರ ಮಡಿಸಲು ಹೋದೆ. ಅವರು ತಡೆದು ಕೊನೆಯವರೆಗೂ ಓದಿ ಎಂದರು. ಓದಿದೆ. ಇನ್ನೊಮ್ಮೆ ಓದಿ ಎಂದರು. ಅರ್ಥ ಗೊತ್ತಿಲ್ಲದೆ ಓದುವುದು ಸುಲಭವಾಗಿತ್ತು. ಈಗ ಪ್ರತಿ ಪದದಲ್ಲೂ ಏನಿದೆಯೋ ಎಂದು ನಾಲಿಗೆ ಹೆದರುತ್ತಿತ್ತು. ಎರಡನೆಯ ಸಲ ಮುಗಿಯುವಾಗ ಅವರ ಕೈ ಕಟ್ಟೆಯ ಮೇಲೆ ನನ್ನ ಕೈಯ ಪಕ್ಕದಲ್ಲೇ ಇತ್ತು. ಹಿಡಿದುಕೊಂಡೆ. ಉಣ್ಣೆಯ ಜಿಡ್ಡು ಕುಡಿದು ಮೆತ್ತಗಾದ ಕೈ, ಹೆಂಗಸಿನ ಕೈಯ ಹಾಗಿತ್ತು.

ಅವತ್ತು ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ಬಂದ ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ಹಡಗು ಸಿಗಲಿಲ್ಲ, ಹೋಗಲಿಲ್ಲ. ಮುಂದಿನ ವರ್ಷ ಹೋಗಬಹುದಿತ್ತು, ನಾಚಿಕೆಯಾಯಿತು. ಏನಂತ ಮುಖ ತೋರಿಸಲಿ? ಆಮೇಲೆ ನಾಚಿಕೆಯೇ ಅಭ್ಯಾಸವಾಯಿತು. ಒದೆತ್ ಒಂದು ಪತ್ರದಲ್ಲೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಹೋಗುತ್ತಿದ್ದೆನೋ ಏನೋ. ಗಿರಿಝಾ, ನಿಮ್ಮ ಗಂಡನೂ ಕೇಳುವುದನ್ನು ನಿಲ್ಲಿಸಿಬಿಡುತ್ತಾನೆ."

ಪ್ರಕಾಶ್ ಬಗ್ಗೆ ನಾನು ಅವರಿಗೆ ಇಂಗ್ಲಿಷಿನಲ್ಲಿ ಏನೂ ಹೇಳಿರಲಿಲ್ಲ. ಕನ್ನಡದ ಆ ಮಾತಿನ ದನಿಯಲ್ಲೇ ಕೇಳಿಸಿರಬೇಕು.

ಸೆಪ್ಟೆಂಬರಿನಲ್ಲಿ ಕಂಪನಿಯವರು ಬಾಟನಿಯ ಗೋದಾಮನ್ನು ಮುಚ್ಚುವುದಾಗಿ ತಿಳಿಸಿದರು. ಮಝಾಮೆಯಲ್ಲಿ ಕೊಳ್ಳುವ ಗಿರಣಿಗಳು ಉಳಿದದ್ದೇ ಬೆರಳೆಣಿಕೆ. ಬೋನೆಯವರ ಕಣ್ಣಿನ ವಿಷಯ ಕೊನೆಗೂ ಯಾರಿಗೂ ತಿಳಿಯಲಿಲ್ಲ. ಕೊನೆಯ ಅಂಡಿಗೆಗಳನ್ನು ಅವರೇ ಕೈಯಾಡಿಸಿ ವಿಂಗಡಿಸಿದರು, ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ. ಅಕ್ಕನ ಮನೆಯಲ್ಲಿ ಇರುತ್ತೇನೆ, ಬೀಗದ ಕೈ ಪಕ್ಕದ ಮನೆಯಲ್ಲಿದೆಯಂತೆ, ಎಂದು ಅಕ್ಟೋಬರಿನಲ್ಲಿ ಹೊರಟರು. ನಾನು ವಿಮಾನ ನಿಲ್ದಾಣದವರೆಗೂ ಹೋದೆ. ಅವರ ಬಳಿ ಇದ್ದದ್ದು ಒಂದೇ ಪೆಟ್ಟಿಗೆ.

ಅವರ ವಿಷಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಒಂದು ವರ್ಷದ ಮೇಲೆ ನನಗೆ ಒಂದು ಪತ್ರ ಬಂತು. ಅವರು ಹೇಳಿದ್ದನ್ನು ಅಲ್ಲಿನ ಶಾಲೆಯ ಟೀಚರೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು. "ಕಣ್ಣು ಪೂರ್ತಿ ಹೋಗಿದೆ. ದಿನಾ ಬೆಳಿಗ್ಗೆ ಕೋಲು ಹಿಡಿದು ಹೊಳೆಯ ದಾರಿಯಲ್ಲಿ ನಡೆಯುತ್ತೇನೆ. ನಾನು ಚಿಕ್ಕವನಿದ್ದಾಗ ಒಂದೊಂದು ಗಿರಣಿಗೂ ಒಂದೊಂದು ವಾಸನೆ ಇತ್ತು, ಕಣ್ಣು ಮುಚ್ಚಿಕೊಂಡು ಮನೆ ಮುಟ್ಟುತ್ತಿದ್ದೆ. ಈಗ ಗಿರಣಿಗಳು ಮುಚ್ಚಿ ಹೊಳೆಯ ನೀರು ತಿಳಿಯಾಗಿದೆಯಂತೆ, ಎಲ್ಲರೂ ಸಂತೋಷ ಪಡುತ್ತಾರೆ. ಯಾವ ವಾಸನೆಯೂ ಇಲ್ಲದೆ ನನಗೆ ದಾರಿ ತಪ್ಪುತ್ತದೆ." ನಾನು ಉತ್ತರ ಬರೆದೆ. ಮತ್ತೆ ಪತ್ರ ಬರಲಿಲ್ಲ. ಮೂರು ವರ್ಷದ ಮೇಲೆ ಹಳೆಯ ಕಂಪನಿಯವರೊಬ್ಬರು ಸಿಕ್ಕಾಗ, ಅವರು ತೀರಿಕೊಂಡರೆಂದು ತಿಳಿಯಿತು.

ಬೋನೆ ಹೊರಟ ಮರುತಿಂಗಳು, ನವೆಂಬರಿನ ಒಂದು ಶನಿವಾರ ನಾನು ರೂಮು ಖಾಲಿ ಮಾಡಿ ಮೆಲ್ಬರ್ನ್‌ಗೆ ಹೋದೆ. ವಾರಿಜಾ ಆಂಟಿ ಸೆಂಟ್ರಲ್ ಸ್ಟೇಷನ್ನಿಗೆ ಬಂದು ಚಪಾತಿ ಕಟ್ಟಿಕೊಟ್ಟು, "ಇನ್ನು ಫೋನ್ ಮಾಡ್ಲಿಕ್ಕೆ ಇಲ್ಲಿಗೆ ಬರ್ಬೇಡ," ಎಂದರು. ಇಡೀ ದಿನದ ರೈಲು. ಎರಡೂ ಕಡೆ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು, ಕುರಿಗಳು ಅಲ್ಲೊಂದು ಇಲ್ಲೊಂದು. ಸ್ಪೆನ್ಸರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಪ್ರಕಾಶ್ ಕಾಯುತ್ತಿದ್ದರು. ಗಡ್ಡ ಬಿಟ್ಟಿದ್ದರು. ಪೆಟ್ಟಿಗೆ ಎತ್ತಿಕೊಂಡು, ಊಟ ಆಯ್ತಾ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಬ್ರನ್ಸ್‌ವಿಕ್‌ನ ಮನೆಯ ಹಿತ್ತಲಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದೆವು. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿತು.

"ಆಸ್ಪತ್ರೇಲಿ ಅವತ್ತು ನೀವು ನನ್ನ ಬಿಟ್ಟು ಎದ್ದು ಹೋದ್ರಿ. ಒಂದು ತಾಸು. ಎಲ್ಲಿಗೆ ಹೋಗಿದ್ರಿ?"

ಅವರು ಲೋಟ ಕೆಳಗಿಟ್ಟರು. ಇದನ್ನು ನಾನು ಕೇಳಲಿ ಎಂದು ಅವರು ಇಷ್ಟು ದಿನ ಕಾದಿದ್ದರೋ, ಕೇಳದಿರಲಿ ಎಂದು ಕಾದಿದ್ದರೋ, ಮುಖದಿಂದ ತಿಳಿಯಲಿಲ್ಲ.

"ನರ್ಸ್ ಹಿಂದೆ ಹೋದೆ," ಎಂದರು. "ನೀನು ನೋಡಲ್ಲ ಅಂದೆ. ಒಬ್ಬರಾದ್ರೂ ನೋಡ್ಬೇಕಲ್ಲ ಅನ್ನಿಸ್ತು. ಒಂದು ರೂಮಲ್ಲಿ ಕೂರಿಸಿ ಕೈಗೆ ಕೊಟ್ಟರು. ಟವೆಲಲ್ಲಿ ಸುತ್ತಿದ್ರು. ಅಷ್ಟೂ ಹೊತ್ತು ಎತ್ಕೊಂಡೇ ಇದ್ದೆ. ನಿಂಗೆ ಹೇಳೋಣ ಅಂತಾನೇ ಬಂದೆ. ನೀನು ಗೋಡೆ ಕಡೆ ತಿರುಗಿದ್ದೆ."

ಪಕ್ಕದ ಮನೆಯವರು ನೀರಿನ ಪೈಪ್ ತಿರುಗಿಸಿ ಗಿಡಗಳಿಗೆ ಬಿಟ್ಟಿದ್ದರು, ಬೇಲಿಯಾಚೆ ಅದರ ಸದ್ದು ಕೇಳುತ್ತಿತ್ತು. ನಾನು ಕೇಳಿದೆ.

"ಯಾರ ಹಾಗಿತ್ತು?"

"ಹುಡುಗಿ," ಎಂದರು. "ನಿನ್ನ ಹಾಗೇ ಇದ್ಳು."